ಗಂಗೆಯಲ್ಲಿ ಮಗಳು ಬಿಟ್ಟದ್ದು

ಮುದುಕರ ಯಾತ್ರೆ ಬಸ್ಸಿಗೆ ಚಿಕ್ಕ ಮಕ್ಕಳನ್ನು ಹತ್ತಿಸಬಾರದು. ಈ ಮಾತನ್ನು ನಾನು ಈಗ ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆಗ ನನಗೂ ಹೇಳಿದವರಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಂಪಲಾಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ, ಹೊಗೆಸೊಪ್ಪಿನ ಬೇಸಾಯ. ನಮ್ಮತ್ತೆಗೆ ಕಾಶಿ ನೋಡುವ ಆಸೆ. ಮಾವ ತೀರಿಕೊಂಡ ಮೇಲೆ ಆ ಆಸೆ ಹಟವೇ ಆಗಿತ್ತು. ಹುಣಸೂರಿನಿಂದ ಒಂದು ಬಸ್ಸು ಹೊರಡುತ್ತದಂತೆ, ಅಡುಗೆಯವರೂ ಜೊತೆಗೇ ಬರುತ್ತಾರಂತೆ ಎಂದು ಕಿವಿಗೆ ಬಿದ್ದ ದಿನವೇ ಸೀರೆಗಳನ್ನು ಒಗೆದು ಮಡಚಿಟ್ಟರು. ಅವರೊಬ್ಬರನ್ನೇ ಕಳಿಸಲು ಯಾರಿಗೂ ಮನಸ್ಸಿಲ್ಲ. ನನ್ನ ಗಂಡ ಹೋಗುವ ಹಾಗಿರಲಿಲ್ಲ. ಬೇಯಿಸಿ ಒಣಗಿಸಿದ ಹೊಗೆಸೊಪ್ಪು ಹರಾಜಿಗೆ ಹೋಗುವ ಸಮಯ. ಹಾಗಾಗಿ ನಾನು ಹೊರಟೆ. ನಾನು ಹೊರಟ ಮೇಲೆ ಮೂರು ವರ್ಷದ ಮಗ ಸೆರಗು ಬಿಡುತ್ತಾನೆಯೇ? ಆರು ವರ್ಷದ ಮಗಳನ್ನಾದರೂ ಬಿಟ್ಟು ಹೋಗೋಣವೆಂದರೆ ಅವಳಿಗೆ ಅಜ್ಜಿಯಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ತಮ್ಮ ಹುಟ್ಟಿದ ಮೇಲೆ ಅವಳು ಅಜ್ಜಿಯ ಪಾಲಾಗಿದ್ದಳು. ನಡುಮನೆಯ ಚಾಪೆಯಲ್ಲಿ ಅಜ್ಜಿಗೆ ಅಂಟಿಕೊಂಡು, ಅವರ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾ ಉಜ್ಜುತ್ತಾ ಕಣ್ಣು ಮುಚ್ಚುವುದು ಅವಳ ಅಭ್ಯಾಸ. "ಓಲೆ ಸವುದೋಯ್ತದೆ ಕಣೇ," ಎಂದು ಅತ್ತೆ ಬೈದುಕೊಳ್ಳುತ್ತಲೇ ಕಿವಿಯನ್ನು ಅವಳ ಕೈಗೆ ಒಪ್ಪಿಸಿರುತ್ತಿದ್ದರು.

ಬಸ್ಸಿನ ಉಸ್ತುವಾರಿಯವನು ಸೀಟು ಬರೆದುಕೊಳ್ಳುವಾಗಲೇ, "ಎಲ್ಲಾ ವಯಸ್ಸಾದೋರು ಕಣ್ರೀ. ಮಕ್ಕಳು ಅಂದ್ರೆ ಅವ್ರಿಗೂ ಕಷ್ಟ, ಮಕ್ಕಳಿಗೂ ಬೇಜಾರು," ಎಂದ.

"ನಮ್ಮ ಮಕ್ಕಳು ಗಲಾಟೆ ಮಾಡಲ್ಲ ಬುಡಿ," ಎಂದೆ. ಹಸಿ ಸುಳ್ಳು.

ಮಂಡ್ಯ ದಾಟುವ ಮೊದಲೇ ಸುಳ್ಳು ಬಯಲಾಯಿತು. ನನ್ನ ಮಗ ಕಿಟಕಿಯ ಸರಳು ಹಿಡಿದು ಎದುರಿಗೆ ಬಂದ ಪ್ರತಿ ಲಾರಿಗೂ ಕೂಗು ಹಾಕುತ್ತಿದ್ದ. ಮುಂದಿನ ಸೀಟಿನಲ್ಲಿ ಕೆ.ಆರ್. ನಗರದ ಅಕ್ಕಿ ಗಿರಣಿಯ ಯಜಮಾನರೊಬ್ಬರಿದ್ದರು. ಸೀಟಿಗೆ ಬೆನ್ನು ತಗುಲಿಸಿದ್ದೇ ಗೊರಕೆ ಹೊಡೆಯುವವರು. ಕೂಗಿಗೆ ಬೆಚ್ಚಿ ಎದ್ದು, "ಏನಮ್ಮಾ, ಇದು ಯಾತ್ರೆಯೋ ಜಾತ್ರೆಯೋ?" ಎಂದರು. ನಾನು ಮಗನ ತೊಡೆ ಚಿವುಟಿದೆ. ಅವನು ಇನ್ನೂ ಜೋರಾಗಿ ಅತ್ತ. ಆ ಬಸ್ಸಿನ ನ್ಯಾಯವೇ ಬೇರೆ. ಹಿರಿಯರಿಗೆ ಅವಸರವಾದರೆ ಹೆದ್ದಾರಿಯ ನಡುವೆಯೂ ಬ್ರೇಕು ಬೀಳುತ್ತಿತ್ತು, ಮಗುವಿಗೆ ಅವಸರವಾದರೆ "ಈಗ ತಾನೆ ನಿಲ್ಲಿಸಿದ್ವಲ್ಲ" ಎನ್ನುತ್ತಿದ್ದರು. ಅವರು ಮಲಗಿದಾಗ ಮಕ್ಕಳು ಮಲಗಬೇಕು, ಅವರು ಭಜನೆ ಮಾಡುವಾಗ ಮಕ್ಕಳು ಚಪ್ಪಾಳೆ ತಟ್ಟಬೇಕು. ಅಡುಗೆಯವರು ಮೆಣಸಿನಕಾಯಿ ಹಾಕಿ ಮಾಡುತ್ತಿದ್ದ ಉಪ್ಪಿಟ್ಟಿಗೆ ಸಕ್ಕರೆ ಬೆರೆಸಿ ತಿನ್ನಿಸಿ ತಿನ್ನಿಸಿ ನನಗೆ ಸಾಕಾಗಿಹೋಯಿತು. ಹೋದಲ್ಲೆಲ್ಲಾ ನನ್ನ ಬಾಯಲ್ಲಿ ಒಂದೇ ಮಂತ್ರ: ಸುಮ್ಮನಿರಿ, ದೊಡ್ಡವರ ಥರ ಇರಿ.

ಮಗ ಆ ಮಂತ್ರಕ್ಕೆ ಜಗ್ಗಲಿಲ್ಲ. ಮಗಳು ಜಗ್ಗಿದಳು.

ನಾಗಪುರ ದಾಟುವಷ್ಟರಲ್ಲಿ ಅವಳೊಂದು ಪುಟ್ಟ ಮುದುಕಿಯಾಗಿದ್ದಳು. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ಕೈಯಿಟ್ಟು "ಶಿವನೇ" ಎನ್ನುವುದು, ಹಂಪಾಪುರದ ಅಜ್ಜಿಯೊಬ್ಬರಿಂದ ನೋವಿನ ಮುಲಾಮು ಕೇಳಿ ಹಣೆಗೆ ಹಚ್ಚಿಕೊಳ್ಳುವುದು, ಊಟಕ್ಕೆ ಮೊದಲು ಕಣ್ಣುಮುಚ್ಚಿ ಕೈ ಮುಗಿಯುವುದು. ಬಸ್ಸಿಗೆ ಬಸ್ಸೇ ಅವಳನ್ನು ಮೆಚ್ಚಿತು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ. ನನ್ನ ಮಗಳು ಸಹವಾಸ ದೋಷದಿಂದ ಸನ್ಯಾಸಿನಿಯಾಗಿದ್ದಳು. ನಾನು ಹಿಗ್ಗಿದೆ. ಒಬ್ಬಳಾದರೂ ಹೇಳಿದ ಮಾತು ಕೇಳುತ್ತಾಳಲ್ಲ ಎಂದುಕೊಂಡೆ. ಆರು ವರ್ಷದ ಮಗು ಅಷ್ಟು ಮಾತು ಕೇಳಬಾರದು ಎಂದು ನನಗೆ ಹೊಳೆಯಲೇ ಇಲ್ಲ.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೇನನ್ನಾದರೂ ಅಲ್ಲಿ ಬಿಟ್ಟು ಬರಬೇಕಷ್ಟೆ. ಬೊಗಸೆಯಲ್ಲಿ ಗಂಗೆಯ ನೀರು ಹಿಡಿದು, ಇಂಥದ್ದನ್ನು ಬಿಟ್ಟೆ ಎಂದು ಹೇಳಿ ನೀರು ಬಿಟ್ಟರೆ ಮುಗಿಯಿತು. ಸಾಯುವತನಕ ಅದನ್ನು ಮುಟ್ಟುವ ಹಾಗಿಲ್ಲ. ಹಿಂದಿನ ದಿನ ಬಸ್ಸಿನಲ್ಲಿ ಇದೇ ಮಾತು. ಯಾರು ಏನು ಬಿಡುವುದು? ಗಿರಣಿಯ ಯಜಮಾನರು ಹಾಗಲಕಾಯಿ ಬಿಡುವುದಾಗಿ ಸಾರಿದರು. ಅವರು ಜನ್ಮದಲ್ಲೇ ಅದನ್ನು ತಿಂದವರಲ್ಲ. ಇನ್ನೊಬ್ಬರು ಸೇಬು ಎಂದರು. "ನಮ್ ಕಡೆ ಸೇಬು ಯಾವ ಮರದಲ್ಲಿ ಬುಡ್ತದೆ, ಇವ್ರು ಬುಡಾಕೆ?" ಎಂದು ಅತ್ತೆ ನನ್ನ ಕಿವಿಯಲ್ಲಿ ನಕ್ಕರು. ಅವರು ಹಲಸಿನ ಹಣ್ಣು ಬಿಡುವವರಿದ್ದರು. ಹಲಸೆಂದರೆ ಅವರಿಗೆ ಪ್ರಾಣ. ಕಾಲ ಬಂತೆಂದರೆ ಕೈಗೆ ಎಣ್ಣೆ ಸವರಿಕೊಂಡು ಇಡೀ ಹಣ್ಣನ್ನು ಒಬ್ಬರೇ ಬಿಡಿಸಲು ಕೂರುವವರು.

ಮಗಳು ಇದನ್ನೆಲ್ಲಾ ಕೇಳುತ್ತಾ ಕೂತಿದ್ದಳು. "ತುಂಬಾ ಇಷ್ಟ ಇರೋದನ್ನೇ ಬುಡಬೇಕಾ ಅಜ್ಜಿ?" ಎಂದಳು.

"ಊಂ ಮತ್ತೆ. ಸುಳ್ಳು ಬುಟ್ರೆ ಗಂಗಮ್ಮತಾಯಿಗೆ ಗೊತ್ತಾಗಲ್ವಾ?" ಎಂದರು ಅತ್ತೆ.

ಮರುದಿನ ಬೆಳಗ್ಗೆ ಚಳಿಯಲ್ಲಿ ನಡುಗುತ್ತಾ ಎಲ್ಲರೂ ನೀರಿಗಿಳಿದೆವು. ಕನ್ನಡ ಬಲ್ಲ ಪುರೋಹಿತರೊಬ್ಬರು ದಡದಿಂದ ಹೇಳಿಕೊಡುತ್ತಿದ್ದರು. ಅತ್ತೆ ಹಲಸು ಬಿಟ್ಟರು. ನಾನು ಬದನೆಕಾಯಿ ಬಿಟ್ಟೆ. ಮಗನನ್ನು ಸೊಂಟದಲ್ಲಿ ಎತ್ತಿಕೊಂಡು, ಮಗಳಿಗೂ ಒಂದು ಮುಳುಗು ಹಾಕಿಸಿ ಮೇಲೆ ಹತ್ತಿಸೋಣವೆಂದು ತಿರುಗಿದೆ. ಅವಳು ಅಜ್ಜಿಯ ಪಕ್ಕ ಎದೆಮಟ್ಟದ ನೀರಲ್ಲಿ ನಿಂತು, ಬೊಗಸೆ ತುಂಬಾ ನೀರು ಹಿಡಿದು, ಸ್ಕೂಲಿನಲ್ಲಿ ಪದ್ಯ ಹೇಳುವ ದನಿಯಲ್ಲಿ ಹೇಳಿದಳು:

"ನಾನು ಅಜ್ಜಿ ತಾವ ಮಲಗೋದನ್ನ ಬುಟ್ಟೆ."

ಬೊಗಸೆ ಬಿಚ್ಚಿದಳು. ನೀರು ಹೋಯಿತು.

ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಹಂಪಾಪುರದ ಅಜ್ಜಿ ಮಾತ್ರ, "ಎಂಥಾ ಮಗ ಕಣವ್ವಾ! ನಾವು ಮುದುಕ್ರೆಲ್ಲಾ ಸುಳ್ಳುಪಳ್ಳು ಬುಟ್ಟೋ, ಅದು ನಿಜ ಬುಡ್ತು," ಎಂದು ಅವಳ ದೃಷ್ಟಿ ತೆಗೆದರು. ಅತ್ತೆ ನಗಲೂ ಇಲ್ಲ, ಬೈಯಲೂ ಇಲ್ಲ. ದಡ ಹತ್ತಿ ಮಗಳ ತಲೆ ಒರೆಸುತ್ತಿದ್ದ ಅವರ ಕೈ ಮಾತ್ರ ನಡುವೆ ನಿಂತಿತು.

ಆ ರಾತ್ರಿ ಛತ್ರದಲ್ಲಿ ಮಗಳು ತನ್ನ ಹೊದಿಕೆ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಮಕ್ಕಳಾಟ, ಒಂದು ದಿನ ನಡೆಯುತ್ತದೆ ಎಂದುಕೊಂಡೆ. ದಾರಿಯುದ್ದಕ್ಕೂ ನಡೆಯಿತು. ಊರಿಗೆ ಬಂದ ಮೇಲೆ, ಹಳೆಯ ಚಾಪೆ ಹಳೆಯ ಜಾಗದಲ್ಲಿ ಹಾಸಿದ್ದನ್ನು ನೋಡಿ ಅವಳು ಸೋತಳು. ಅಜ್ಜಿಯ ಕಾಲ ಬಳಿ ಹೋಗಿ ನಿಂತು ಅಳತೊಡಗಿದಳು. ಅತ್ತೆ ಎದ್ದು ಕೂತು, "ಬ್ಯಾಡ ಕಣ್ ಮಗ, ಅಮ್ಮನ ತಾವ ಹೋಗು. ಗಂಗಮ್ಮಂಗೆ ಮಾತು ಕೊಟ್ಟಿದ್ದೀಯಲ್ಲ," ಎಂದರು.

ನನಗೆ ರೇಗಿತು. "ಅತ್ತೆ, ಅದು ಮಗು ಆಡಿದ ಮಾತು. ಯಾವ ದೇವರು ಅದನ್ನ ಲೆಕ್ಕಕ್ಕೆ ಇಟ್ಕತಾನೆ?"

"ಮಗ ಆಡುದ್ರೂ ಕೈಲಿ ನೀರಿತ್ತಲ್ವಾ? ನಂಗೇನಾರ ಆಗ್ಲಿ, ಮಗೀಗೆ ಏನಾರ ಆದ್ರೆ ಏನ್ ಮಾಡೀಯೆ?"

ಅತ್ತೆಗೆ ಮೊದಲು ಹುಟ್ಟಿದ್ದೊಂದು ಹೆಣ್ಣು, ಎರಡು ವರ್ಷಕ್ಕೇ ಜ್ವರ ಬಂದು ಹೋಗಿತ್ತು. ಹೊತ್ತ ಹರಕೆಯನ್ನು ಮುಂದಿನ ವರ್ಷ ತೀರಿಸಿದರಾಯಿತು ಎಂದು ತಾವು ತಡಮಾಡಿದ್ದಕ್ಕೇ ಮಗು ಹೋಯಿತೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸುವ ಶಕ್ತಿ ನನಗಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಮೂರು ವರ್ಷದಿಂದ ಅಜ್ಜಿಯ ಪಾಲಾಗಿದ್ದ ಮಗಳು ರಾತ್ರಿ ನನ್ನ ಪಕ್ಕಕ್ಕೆ ಬಂದು ಮಲಗಿದ್ದು ನನಗೆ ಹಿತವಾಗಿತ್ತು. ಹಾಗಾಗಿ ನಾನು ಅತ್ತೆಯೊಡನೆ ಜಗಳವಾಡಿದ್ದೂ ಅಷ್ಟಕ್ಕಷ್ಟೆ.

ಅತ್ತೆಯೇ ಒಂದು ದಾರಿ ಕಂಡುಕೊಂಡರು. ನಮ್ಮ ಕೋಣೆಯ ಹೊಸಿಲಿನ ಆಚೆ ತಮ್ಮ ಚಾಪೆ ಎಳೆದುಕೊಂಡರು. ಹೊಸಿಲಿನ ಈಚೆ ಮಗಳು. ನಡುವೆ ಮರದ ಪಟ್ಟಿ. ಜೊತೆಗೆ ಮಲಗಿದ ಹಾಗೂ ಆಗಲಿಲ್ಲ, ದೂರ ಹೋದ ಹಾಗೂ ಆಗಲಿಲ್ಲ. ಅಲ್ಲಿಂದಲೇ ಕಾಕನಕೋಟೆ ಕಾಡಿನ ಆನೆಗಳ ಕಥೆ ಹೇಳುತ್ತಿದ್ದರು. ನಿದ್ದೆಗಣ್ಣಿನಲ್ಲಿ ಮಗಳ ಕೈ ಹೊಸಿಲು ದಾಟಿ ಅವರ ಕಿವಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅತ್ತೆ ಆ ಕೈಯನ್ನು ಹಿಡಿದು, ಒಂದು ಗಳಿಗೆ ಹಾಗೇ ಇಟ್ಟುಕೊಂಡು, ಮೆಲ್ಲಗೆ ಈಚೆಗೆ ಇಡುತ್ತಿದ್ದರು. ನಾನು ಕಂಡೂ ಕಾಣದವಳ ಹಾಗೆ ಮಗನಿಗೆ ತಟ್ಟುತ್ತಾ ಮಲಗಿರುತ್ತಿದ್ದೆ.

ಹಲಸಿನ ಕಾಲ ಬಂದಾಗ ಅತ್ತೆ ಹಣ್ಣು ಬಿಡಿಸಿ ಎಲ್ಲರಿಗೂ ಹಂಚಿ ಕೈ ತೊಳೆದುಕೊಳ್ಳುತ್ತಿದ್ದರು. "ಹಲಸು ಬುಟ್ಟಿದ್ದು ಏನೂ ಅನ್ನುಸ್ತಿಲ್ಲ ಕಣವ್ವ," ಎಂದು ಒಮ್ಮೆ ಅಂದರು. ಮತ್ತೆ ಯಾವುದನ್ನು ಬಿಟ್ಟದ್ದು ಅನ್ನಿಸುತ್ತಿದೆಯೆಂದು ನಾನು ಕೇಳಲಿಲ್ಲ.

ಹೊಸಿಲಿನ ಮಾತುಕತೆ ಎರಡು ಮೂರು ವರ್ಷ ನಡೆದಿರಬೇಕು. ಆಮೇಲೆ ಮಗಳು ಪಿರಿಯಾಪಟ್ಟಣದ ಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದಳು. ಓದು, ಟಿ.ವಿ., ಗೆಳತಿಯರು. ಅವಳಿಗೊಂದು ಮಂಚ ಬಂತು, ಅದು ಕಿಟಕಿಯ ಪಕ್ಕ ಹೋಯಿತು. ಅತ್ತೆಯೂ ಚಾಪೆಯನ್ನು ಮತ್ತೆ ನಡುಮನೆಗೆ ಎಳೆದುಕೊಂಡರು. ಅದು ಹಾಗೇ ಮುಗಿಯಿತು.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಕೆ.ಆರ್. ನಗರದಲ್ಲಿ ನನ್ನ ಅಕ್ಕನ ಮನೆಯ ಗೃಹಪ್ರವೇಶ. ಊಟವಾದ ಮೇಲೆ ಪುರೋಹಿತರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಕಾಶಿಯ ಮಾತು ಬಂತು. ನಗಿಸೋಣವೆಂದು ನಾನು ಮಗಳ ಕಥೆ ಹೇಳಿದೆ. ಎಲ್ಲರೂ ನಕ್ಕರು. ಪುರೋಹಿತರು ನಗಲಿಲ್ಲ.

"ಆರು ವರ್ಷದ ಮಗು ಹೇಳಿದ್ದು ಸಂಕಲ್ಪ ಆಗೋದಿಲ್ಲಮ್ಮ," ಎಂದರು. "ತಿಳಿವಳಿಕೆ ಬಂದವರಿಗೆ ಮಾತ್ರ ಅದು. ಆಮೇಲೂ ನಡೆಸಿದ್ರಾ ಅದನ್ನ?"

"ನಡೆಸಿದ್ವಿ," ಎಂದೆ.

"ಅಲ್ಲೇ ಪುರೋಹಿತರನ್ನ ಒಂದು ಮಾತು ಕೇಳಬಹುದಿತ್ತಲ್ಲ. ಅವತ್ತೇ ಹೇಳ್ತಿದ್ರು."

ಹೌದು, ಕೇಳಬಹುದಿತ್ತು. ದಡದಲ್ಲೇ ಇದ್ದರು, ಕನ್ನಡವೂ ಬರುತ್ತಿತ್ತು. ನಾನು ನಗುವುದರಲ್ಲಿದ್ದೆ. ಮನೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನು ಅತ್ತೆಗೆ ಹೇಳಲೋ ಬೇಡವೋ ಎಂದು ತೂಗಿ ನೋಡಿದೆ. ಹೇಳಿದರೆ ಸಂತೋಷಪಡುತ್ತಾರೆ ಎನ್ನಿಸಿತು. ಹೇಳಿದೆ.

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, "ಅಂಗಾದ್ರೆ ಅವತ್ತಿಂದ್ಲೂ ಏನೂ ತಪ್ಪಿರ್ನಿಲ್ವಾ?" ಎಂದರು.

"ಇರಲಿಲ್ಲವಂತೆ ಅತ್ತೆ."

ಅತ್ತೆ ಸಂಜೆ ಬೇಗ ಊಟ ಮುಗಿಸಿ, ಪೆಟ್ಟಿಗೆಯಿಂದ ಒಗೆದಿಟ್ಟ ಹೊದಿಕೆ ತೆಗೆದು, ನಡುಮನೆಯಲ್ಲಿ ಎರಡು ಚಾಪೆಗಳನ್ನು ಅಂಚಿಗೆ ಅಂಚು ಸೇರಿಸಿ ಹಾಸಿದರು. ಓದುತ್ತಿದ್ದ ಮಗಳನ್ನು ಕರೆದರು. ಅವಳು ನನ್ನ ಮುಖ ನೋಡಿದಳು.

"ಅಮ್ಮ, ನಾಳೆ ಟೆಸ್ಟಿದೆ," ಎಂದಳು ಮೆಲ್ಲನೆ.

"ಒಂದಿನ ಹೋಗವ್ವ," ಎಂದೆ.

ಹೋದಳು. ಬೆಳೆದ ಹುಡುಗಿ, ಕಾಲು ಚಾಪೆಯಿಂದ ಆಚೆಗೆ ಬರುತ್ತಿತ್ತು. ಪರರ ಮನೆಯಲ್ಲಿ ಮಲಗಿದವಳ ಹಾಗೆ ಕೈಕಾಲು ನೆಟ್ಟಗಿಟ್ಟುಕೊಂಡು ಮಲಗಿದಳು. ಅತ್ತೆ ಕಥೆ ಶುರುಮಾಡಿದರು. ಮಗಳು ಮರ್ಯಾದೆಯಿಂದ "ಊಂ, ಊಂ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಥೆಯೂ ನಿಂತಿತು, ಹೂಂಗುಟ್ಟುವುದೂ ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಅವಳು ಸದ್ದಾಗದ ಹಾಗೆ ಎದ್ದು ಬಂದು ತನ್ನ ಮಂಚದಲ್ಲಿ ಮಲಗಿದಳು.

ಬೆಳಗ್ಗೆ ನಾನು ಎದ್ದು ನಡುಮನೆಗೆ ಬಂದಾಗ ಅತ್ತೆ ಎರಡನೇ ಚಾಪೆ ಸುತ್ತುತ್ತಿದ್ದರು.

"ಮಗ ಚೆನ್ನಾಗಿ ನಿದ್ದೆ ಮಾಡ್ತು ಕಣವ್ವ," ಎಂದರು. "ಈಗ ತಾನೇ ಎದ್ದೋಯ್ತು."

"ಹೌದಾ ಅತ್ತೆ," ಎಂದೆ. ಚಾಪೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.