ಬಾರದ ಮಳೆಯ ಸುದ್ದಿ

ನಮ್ಮ ಮನೆಯ ಟೀವಿಯೊಳಗೆ ಒಂದು ತೆಂಗಿನ ಮರವಿದೆ. ಚೈತ್ರವಿರಲಿ ಶ್ರಾವಣವಿರಲಿ, ಬಿರುಗಾಳಿಗೆ ಸಿಕ್ಕಿ ಬಾಗುವುದು, ಏಳುವುದು, ಮತ್ತೆ ಬಾಗುವುದು ಇಷ್ಟೇ ಅದರ ಉದ್ಯೋಗ. ಅದು ಯಾವ ಊರಿನ ಮರವೋ, ಆ ಗಾಳಿ ಬೀಸಿ ಎಷ್ಟು ವರ್ಷವಾಯಿತೋ ಹೇಳುವವರಿಲ್ಲ. ಮಳೆಯ ಸುದ್ದಿ ಎಂದರೆ ಸಾಕು, ಹಾಜರಾಗಿ ಬಾಗತೊಡಗುತ್ತದೆ. ಸಿಂದಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಾನು ನಿವೃತ್ತನಾದ ವರ್ಷವೇ, ಹಗಲಿರುಳೂ ಹವಾಮಾನವನ್ನಷ್ಟೇ ಹೇಳುವ ಈ ವಾಹಿನಿಯೂ ಶುರುವಾಯಿತು. ಹಸಿದವನ ಮುಂದೆ ಹುಗ್ಗಿಯ ಗಂಗಾಳ ಇಟ್ಟಂತಾಯಿತು.

ಹಿಂದೆ ಹವಾಮಾನಕ್ಕೆ ವಾರ್ತೆಯ ಕೊನೆಯಲ್ಲಿ ಎರಡೇ ವಾಕ್ಯದ ಜಾಗವಿತ್ತು. ಒಣಹವೆ ಇರುತ್ತದೆ ಎಂದು ಹೇಳಿ, ಕಾಗದ ಜೋಡಿಸಿಕೊಂಡು, ನಮಸ್ಕಾರ ಮಾಡಿ ವಾಚಕರು ಎದ್ದುಹೋಗುತ್ತಿದ್ದರು. ಈಗ ಆ ಎರಡು ವಾಕ್ಯವನ್ನೇ ನಾದಿ ನಾದಿ ಇಪ್ಪತ್ತನಾಲ್ಕು ತಾಸಿಗೆ ಲಟ್ಟಿಸಬೇಕಾಗಿದೆ. ಆಕಾಶಕ್ಕೇನು, ತಿಂಗಳುಗಟ್ಟಲೆ ಏನೂ ಮಾಡದೆ ಸುಮ್ಮನಿರಬಲ್ಲದು. ವಾಹಿನಿಗೆ ಆ ಸೌಕರ್ಯವಿಲ್ಲ. ಮೋಡವಿಲ್ಲದ ದಿನ ಮೋಡದ ಸಾಧ್ಯತೆ, ಅದೂ ಇಲ್ಲದ ದಿನ ಆ ಸಾಧ್ಯತೆಯ ಬಗ್ಗೆ ನಾಲ್ವರ ವಾಗ್ವಾದ! ನಕ್ಷೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆಲ್ಲ ಒಂದೇ ಹಳದಿ ಬಳಿದು ಗುಡುಗು ಸಹಿತ ಮಳೆ ಎಂದುಬಿಡುತ್ತಾರೆ. ಬಾಗೇವಾಡಿಯಲ್ಲಿ ಮಳೆ ಸುರಿಯುವಾಗ ಇಂಡಿಯಲ್ಲಿ ಬಿಸಿಲಿಗೆ ನಾಲಿಗೆ ಒಣಗುವ ಸೀಮೆ ನಮ್ಮದು, ಯಾರಿಗೆ ಹೇಳೋಣ? ಆದರೂ ನೋಡುತ್ತಿದ್ದೆ. ಬಯ್ಯುತ್ತ ನೋಡುತ್ತಿದ್ದೆ ಎಂದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿದೀತು.

ನನ್ನ ತಂಗಿ ಕಸ್ತೂರಿ ಇಂಡಿಯ ಹತ್ತಿರದ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆದು, ಅದನ್ನು ಒಣಗಿಸಿ ಮಣೂಕ ಮಾಡುತ್ತಾಳೆ. ನೀವು ಪಾಯಸಕ್ಕೆ ಹಾಕುವ ಒಣದ್ರಾಕ್ಷಿಯೇ ಅದು. ಅವಳ ಶೆಡ್ಡಿಗೆ ಗೋಡೆಗಳಿಲ್ಲ. ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ಹಣ್ಣು ಹದಿನೈದು ದಿನ ಗಾಳಿಗೆ ಒಣಗಬೇಕು. ಮಳೆ ತಾಗಿದರೆ ಕಪ್ಪಾಗುತ್ತದೆಂದು ಸುತ್ತಲೂ ತಾಡಪತ್ರಿಯ ಪರದೆಗಳನ್ನು ಮೇಲಕ್ಕೆ ಸುರುಳಿ ಸುತ್ತಿ ಕಟ್ಟಿರುತ್ತಾರೆ, ಮೋಡ ಕಂಡೊಡನೆ ಇಳಿಸಲಿಕ್ಕೆ. ಇಳಿಸಿಯೇ ಇಟ್ಟರೆ ಗಾಳಿಯಾಡದೆ ಹಣ್ಣು ಬೂಸಲು ಹಿಡಿಯುತ್ತದೆ. ಈ ಇಳಿಸುವ, ಏರಿಸುವ ನಿರ್ಧಾರದ ಮೇಲೆಯೇ ಅವಳ ವರ್ಷದ ದುಡಿಮೆ ನಿಂತಿದೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಕ್ಷೆ ಹಳದಿಯಾಯಿತು. ನಾನು ತಡಮಾಡದೆ ಫೋನು ಹಚ್ಚಿದೆ.

“ಕಸ್ತೂರಿ, ತಾಡಪತ್ರಿ ಇಳಸು. ಸಂಜಿಕ ಮಳಿ ಐತಿ.”

“ಇಲ್ಲಿ ಬಿಸಲು ಸುಡಾಕತ್ತೈತಲ್ಲೋ ಅಣ್ಣಾ.”

“ಬಿಸಲೇನು ನೋಡ್ತಿ? ನಾ ಹೇಳಾಕತ್ತೇನಿ, ಇಳಸು.”

ಇಳಿಸಿದಳು. ಸಂಜೆ ಮಳೆ ಬರಲಿಲ್ಲ. ಮರುದಿನ ವಾಹಿನಿಯವರು ಇನ್ನೂ ನಲವತ್ತೆಂಟು ತಾಸು ಎಂದರು; ಅದು ಮುಗಿದ ಮೇಲೆ ಮತ್ತೊಂದು ದಿನ ಎಂದರು. ಅವಳು ಬೆಳಿಗ್ಗೆ, ಸಂಜೆ ಕೇಳುತ್ತಿದ್ದಳು, “ಏರಸ್ಲೇನಣ್ಣಾ?” ನಾನು “ತಡಿ” ಎನ್ನುತ್ತಿದ್ದೆ. ಐದನೆಯ ದಿನ ಒಂದು ಮಾತೂ ಹೇಳದೆ ನಕ್ಷೆಯ ಹಳದಿ ಮಾಯವಾಯಿತು, ವಾಹಿನಿ ಕರಾವಳಿಗೆ ಹೊರಟುಹೋಯಿತು.

ಬಸ್ಸು ಹತ್ತಿ ಹೋದೆ. ಶೆಡ್ಡು ಹುಳಿ ನಾತ ಹೊಡೆಯುತ್ತಿತ್ತು. ಕೆಳಗಿನ ಬಲೆಗಳ ಹಣ್ಣೆಲ್ಲ ಬೂಸಲು. ಒಂದು ಹನಿಯೂ ಬೀಳದ ಮಳೆ ಅವಳ ದ್ರಾಕ್ಷಿಯನ್ನು ಕೆಡಿಸಿತ್ತು. ನಾನು ಎಗರಾಡಿದೆ; ವಾಹಿನಿಯವರ ಮೇಲೆ ಕೇಸು ಹಾಕಬೇಕು, ಬೀದಿಗೆ ಎಳೆಯಬೇಕು ಎಂದು ಆಳುಗಳ ಮುಂದೆ ಕೂಗಾಡಿದೆ. ಕಸ್ತೂರಿ ಕೆಟ್ಟ ಹಣ್ಣು ಆರಿಸುತ್ತಲೇ, ತಲೆ ಎತ್ತದೆ ಹೇಳಿದಳು:

“ಟೀವಿಯವ್ರು ನನಗ ಫೋನ್ ಮಾಡಿದ್ದಿಲ್ಲಣ್ಣಾ. ನೀ ಮಾಡಿದ್ದಿ.”

ಅದರಲ್ಲಿ ಸಿಟ್ಟಿದ್ದರೆ ಜಗಳವಾಡಬಹುದಿತ್ತು. ಇರಲಿಲ್ಲ.

ಆ ವಾಹಿನಿಯ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಸ್ನೇಹಿತರೇ, ಅವರು ಸಾಧ್ಯತೆ ಎಂದದ್ದನ್ನು ಮಳೆ ಐತಿ ಎಂದು ಮಾಡಿ ದಾಟಿಸಿದವನು ನಾನು. ಯಾಕೆ ಹಾಗೆ ಮಾಡಿದೆ? ಸಾಲೆ ಬಿಟ್ಟ ಮೇಲೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದಿನಕ್ಕೆರಡು ಸಲ ಒಬ್ಬಳು ಕೇಳುತ್ತಿದ್ದಳು, ನಾನು ಹೇಳಿದಂತೆ ಮಾಡುತ್ತಿದ್ದಳು. ಅದು ನನಗೆ ಹಿತವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅಷ್ಟೇ ಸತ್ಯ.

ನಮ್ಮ ಕಡೆ ಯಾರೇ ಫೋನು ಮಾಡಲಿ, ಕ್ಷೇಮಸಮಾಚಾರಕ್ಕೂ ಮೊದಲು “ಮಳಿ ಆತೇನು?” ಎಂದು ಕೇಳುವುದು ರೂಢಿ. ಈ ವರ್ಷ ಕಸ್ತೂರಿಯ ಶೆಡ್ಡು ಮತ್ತೆ ತುಂಬಿದೆ. ಮೊನ್ನೆ ಸಂಜೆ ನಮ್ಮ ಮಾಳಿಗೆಯ ಮೇಲೆ ನಿಜವಾದ ಮೋಡ ಕವಿದು ಇಂಡಿಯ ದಿಕ್ಕಿಗೆ ಸರಿಯುತ್ತಿದ್ದಾಗಲೇ ಅವಳ ಫೋನು ಬಂತು. ನನ್ನ ಮೊಣಕಾಲು ನೋವು ಕೇಳಿದಳು, ನನ್ನ ಹೆಂಡತಿಯ ಹಲ್ಲುನೋವು ಕೇಳಿದಳು. ಅವಳ ಹಿಂದೆ ತಾಡಪತ್ರಿ ಎಳೆಯುವ ಸರಪರ ಸದ್ದು, ಆಳುಗಳ ಗಡಿಬಿಡಿ. ಆಕಾಶವನ್ನು ಅವಳೇ ನೋಡಿಕೊಂಡಿದ್ದಳು.

“ಇಡ್ತೇನಿ ಅಣ್ಣಾ, ಕೆಲಸೈತಿ,” ಎಂದಳು. ಮಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.