ರೈಲಿಗಿಂತ ಮೊದಲು ನಡುಗಿದ ಉಂಗುರಗಳು

ಕೋವಿಡ್ ಕಳೆದು ತರಗತಿಗಳು ಮತ್ತೆ ಶುರುವಾದ ವರ್ಷ. ಬಾಣಸವಾಡಿಯಲ್ಲಿ ರೈಲು ಹಳಿಗೆ ಬೆನ್ನು ಹಾಕಿ ನಿಂತಿದ್ದ ಕಾಲೇಜೊಂದರಲ್ಲಿ ನಾನು ಅನ್ವಯಿಕ ಭೌತಶಾಸ್ತ್ರದ ಪ್ರಾಧ್ಯಾಪಕಿ. ಎಂ.ಎಸ್‌ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಟರ್‌ಫೆರೋಮೀಟರೇ ಬೇಕೆಂದು ಶಿವಾಜಿನಗರದ ನಜ್ಮಾ ಹಟ ಹಿಡಿದಳು. ಲೇಸರ್ ಬೆಳಕನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ಹಿಂದಿರುಗಿಸಿ ಕೂಡಿಸಿದರೆ ಗೋಡೆಯ ಮೇಲೆ ಬೆಳಕು-ಕತ್ತಲೆಯ ಉಂಗುರಗಳು ಮೂಡುತ್ತವೆ. ಕನ್ನಡಿ ಕೂದಲೆಳೆಯ ನೂರರಲ್ಲೊಂದು ಪಾಲು ಸರಿದರೂ ಉಂಗುರ ಸರಿಯುತ್ತದೆ. ಒಂದು ಕನ್ನಡಿಗೆ ತಾಗಿಸಿಟ್ಟು ಬಿಸಿ ಮಾಡಿದ ಹಿತ್ತಾಳೆ ಸರಳು ಎಷ್ಟು ಹಿಗ್ಗುತ್ತದೆಂದು ಉಂಗುರ ಎಣಿಸಿ ಹೇಳುವುದು ಅವಳ ಕೆಲಸ.

ಹಳಿಯ ಪಕ್ಕದಲ್ಲಿ ಈ ಪ್ರಯೋಗ ಬೇಡವೆಂದು ಬಡಿದುಕೊಂಡೆ. ಕೇಳಲಿಲ್ಲ. ಸ್ಕೂಟರ್ ಬಿಡಿಭಾಗ ಮಾರುವ ಅಪ್ಪನ ಅಂಗಡಿಯಿಂದ ಹಳೇ ಟ್ಯೂಬ್‌ಗಳನ್ನು ತಂದು, ಅರೆಬರೆ ಗಾಳಿ ತುಂಬಿ, ಮೇಲೆ ಕಲ್ಲು ಚಪ್ಪಡಿ ಹಾಸಿ ಉಪಕರಣ ಕೂರಿಸಿದಳು. ಕಾರಿಡಾರಿನಲ್ಲಿ ಹುಡುಗರು ಕುಣಿದರೂ ಉಂಗುರಗಳು ಮಿಸುಕಲಿಲ್ಲ. ನನಗೆ ಒಳಗೊಳಗೇ ಖುಷಿ. ರೈಲು ಬಂದಾಗ ಮಾತ್ರ ಎಲ್ಲ ಕಲಸುಮೇಲೋಗರ. ದಿನಗಟ್ಟಲೆ ಅದನ್ನೇ ನೋಡುತ್ತ ಕೂತ ಹುಡುಗಿ, ರೈಲಿನ ಸದ್ದು ಕೇಳುವ ಮೊದಲೇ ನೆಲದ ನಡುಕ ಉಂಗುರಕ್ಕೆ ಮುಟ್ಟುವುದನ್ನು ಗುರುತಿಸಿಟ್ಟುಕೊಂಡಳು.

ಮೌಖಿಕ ಪರೀಕ್ಷೆಗೆ ಬೇರೆ ವಿಶ್ವವಿದ್ಯಾಲಯದಿಂದ ಬಂದವರು ನಗುವನ್ನೂ ಅಳೆದು ಕೊಡುವ ಬಿಗುವಿನ ಮನುಷ್ಯ. ಅಂದು ಪಾಸಾಗದಿದ್ದರೆ ಪಿಎಚ್‌.ಡಿ.ಗೆ ಸಿಕ್ಕಿದ್ದ ಸೀಟು ನಜ್ಮಾಳ ಕೈತಪ್ಪುತ್ತಿತ್ತು. ಅವರೆದುರು ಅವಳು ಪ್ರಯೋಗ ಮಾಡಿ ತೋರಿಸುವಾಗ, ಎಣಿಕೆಯ ನಡುವೆಯೇ ಉಂಗುರಗಳು ನಡುಗತೊಡಗಿದವು.

“ಸೆಟಪ್ಪೇ ಸರಿಯಿಲ್ವಲ್ಲಮ್ಮ,” ಎಂದರು ಪರೀಕ್ಷಕರು.

ನಜ್ಮಾ ಹೀಟರ್ ಆರಿಸಿದಳು. “ಸೆಟಪ್ ಸರಿಯಾಗಿದೆ ಸರ್. ಟ್ರೈನ್ ಬರ್ತಿದೆ. ಹೋದ್ಮೇಲೆ ಮೊದಲಿಂದ ಎಣಿಸ್ತೀನಿ.”

ಅವರು ಕಿಟಕಿಯತ್ತ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ನೆಪ ಹೇಳುತ್ತಿದ್ದಾಳೆಂದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ದೂರದಲ್ಲಿ ಹಾರ್ನ್ ಆಯಿತು. ಗೂಡ್ಸ್ ರೈಲೊಂದು ಗಡಗಡನೆ ಬಂದು ಕಿಟಕಿಯ ಗಾಜುಗಳನ್ನೆಲ್ಲ ಅಲ್ಲಾಡಿಸಿ ಹೋಯಿತು. ಉಂಗುರಗಳು ಸುಮ್ಮನಾದವು. ಸರಳು ತಣಿಯಲು ಬಿಟ್ಟು ನಜ್ಮಾ ಮತ್ತೆ ಎಣಿಸಿದಳು. ಉತ್ತರ ಪಠ್ಯಪುಸ್ತಕದ ಅಂಕಿಯ ತೀರ ಹತ್ತಿರ ಬಂತು.

ಪರೀಕ್ಷಕರು ಅಂಕ ಬರೆದರು, ಧಾರಾಳವಾಗಿಯೇ. ಇನ್ನು ಏಳುತ್ತಾರೆಂದುಕೊಂಡರೆ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು.

“ಇನ್ನೊಂದು ಟ್ರೈನ್ ಯಾವಾಗಮ್ಮ?”

ಹೊರಗೆ ಕಾದಿದ್ದ ಮುಂದಿನ ವಿದ್ಯಾರ್ಥಿಯನ್ನು ಮರೆತು ಮೂವರೂ ಗೋಡೆ ನೋಡುತ್ತ ಕೂತೆವು. ಅಳತೆ ಎಲ್ಲಿ ಕೆಡುತ್ತದೆಂದು ಬಲ್ಲವರ ಅಳತೆಯನ್ನೇ ನಂಬಬೇಕು; ನನ್ನ ವೃತ್ತಿ ಕಲಿಸಿದ್ದು ಅಷ್ಟು. ಅಂದು ಉಂಗುರ ಮಿಸುಕಿದ್ದೇ ತಡ, “ಬಂತು” ಎಂದು ಎಲ್ಲರಿಗಿಂತ ಮೊದಲು ಹೇಳಿದವರು ಪರೀಕ್ಷಕರು.