ಎತ್ತಿ ಹಾಕಿದ ಹುಳುಗಳು

ಹೆಡ್ಮಿಸ್ಸನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಶಾಲೆಯ ಹೆಡ್ಮಿಸ್ಸಲ್ಲ, ಸೊಳ್ಳೆ ಸಾಕುವ ನಮ್ಮ ಪ್ರಯೋಗಾಲಯದಲ್ಲಿ ಮರಿಹುಳುಗಳ ಟ್ರೇ ನೋಡಿಕೊಳ್ಳುತ್ತಿದ್ದ ಹೆಂಗಸು. ಆ ಹೆಸರಿಟ್ಟವಳು ನಾನೇ. ಹದಿನೆಂಟು ವರ್ಷದ ಸರ್ವೀಸು, ಮೂಗಿನ ತುದಿಯಲ್ಲೇ ಕೋಪ. ನೀರಿನಲ್ಲಿ ಒಂದು ಕೂದಲು ತೇಲಿದರೆ ಸಾಕು, "ಯಾರ್ ತಲೇದಿದು? ಬಾಯಿ ಬಿಡ್ರೀ!" ಎಂದು ಎಲ್ಲರನ್ನೂ ನಿಲ್ಲಿಸಿಕೊಳ್ಳುತ್ತಿದ್ದಳು. ರೆಕ್ಕೆ ಬಂದ ಸೊಳ್ಳೆಗಳಿಗೆ ಸಕ್ಕರೆ ನೀರು ಇಡುವುದು, ಪಾತ್ರೆ ಪೆಟ್ಟಿಗೆ ತೊಳೆಯುವುದು ನನ್ನ ಕೆಲಸ. ತೊಳೆದದ್ದನ್ನು ಅವಳು ಮೂಸಿ ನೋಡಿ ವಾಪಸು ಕೊಡುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಕೈ ಮಾತ್ರ ಪಳಗಿದ್ದು, ಇಲ್ಲವೆನ್ನಲಾರೆ. ದಿನಾ ಬೆಳಿಗ್ಗೆ ಡ್ರಾಪರ್ ಹಿಡಿದು, ಮಂಕಾಗಿ ತೇಲುವ ಹುಳುಗಳನ್ನು ಒಂದೊಂದಾಗಿ ಎತ್ತಿ ಬಿಸಿನೀರಿನ ಡಬ್ಬಕ್ಕೆ ಹಾಕುತ್ತಿದ್ದಳು. ಅವು ಅಲ್ಲೇ ಸತ್ತರೆ ನೀರು ಕೊಳೆತು ಇಡೀ ಟ್ರೇ ಹೋಗುತ್ತದೆ. ನಮ್ಮಲ್ಲಿ ಕೆಲಸಕ್ಕೆ ಸೇರಿದ ದಿನವೇ ಕಲಿಸುವ ಪಾಠ ಅದು.

ಆ ವರ್ಷ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ಸಾಹೇಬರು, ಹೊಸ ಪ್ರಯೋಗ ಹೂಡಿದರು. ಅರ್ಧ ಟ್ರೇಗಳಿಗೆ ರೋಗಾಣು, ಉಳಿದರ್ಧಕ್ಕೆ ಬರೀ ನೀರು. ಹುಳು ಸೊಳ್ಳೆಯಾದ ಮೇಲೆ ಎರಡೂ ಗುಂಪಿಗೆ ಅದೇ ರೋಗಾಣು ಕೊಟ್ಟು, ಯಾವುವು ಹೆಚ್ಚು ದಿನ ಬದುಕುತ್ತವೆ ಎಂದು ನೋಡುವುದು. ಹುಳುವಾಗಿದ್ದಾಗಲೇ ರೋಗ ಕಂಡವು ಹೆಚ್ಚು ಬದುಕಿದವು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. "ಎಳವೇಲಿ ಬಿದ್ದ ಪೆಟ್ಟು ಇವನ್ನ ಗಟ್ಟಿ ಮಾಡಿದೆ" ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಒಂದು ದಿನ ಆ ಮಾತು ಕಿವಿಗೆ ಬಿದ್ದದ್ದೇ ಹೆಡ್ಮಿಸ್ಸು ಸ್ಟೂಲಿನ ಮೇಲೆ ಕುಸಿದು ಕೂತಳು.

"ಅಯ್ಯೋ, ಎಂಥ ಕೆಲಸ ಮಾಡ್ಬಿಟ್ಟೆ ಕಣೇ! ರೋಗದ ಟ್ರೇಲಿ ಮಂಕಾದವನ್ನೆಲ್ಲ ನಾನೇ ಎತ್ತಿ ಹಾಕಿದೀನಿ. ಬರೀ ನೀರಿನ ಟ್ರೇಲಿ ಎತ್ತೋಕೆ ಏನೂ ಇರ್ಲಿಲ್ಲ. ಗಟ್ಟಿ ಇದ್ದವಷ್ಟೇ ಉಳ್ಕೊಂಡು ಸೊಳ್ಳೆ ಆಗಿವೆ. ರೋಗ ಗಟ್ಟಿ ಮಾಡ್ತೋ ಇಲ್ವೋ ಯಾರಿಗ್ ಗೊತ್ತು? ಆರಿಸಿದ್ದು ನಾನು!"

"ಸುಮ್ನಿರು. ಯಾರ್ ಕೇಳ್ತಾರೆ?" ಎಂದೆ.

"ನನಗ್ ಗೊತ್ತಲ್ಲ!"

ಕೊಬ್ಬು, ಎಂದುಕೊಂಡೆ. ತಿಂಗಳ ಕೊನೆಗೆ ನಮ್ಮಿಬ್ಬರ ಗುತ್ತಿಗೆಯೂ ಮುಗಿಯುವುದಿತ್ತು. ಮುಂದುವರಿಸಲು ಸಾಹೇಬರ ಸಹಿ ಬೇಕು. ಅವಳು ಕೇಳಬೇಕಲ್ಲ! ನೆಟ್ಟಗೆ ಅವರ ಕೋಣೆಗೆ ನುಗ್ಗಿದಳು. ಹತ್ತು ನಿಮಿಷಕ್ಕೆ ನನಗೂ ಕರೆ ಬಂತು.

"ಇವರು ಹುಳು ಎತ್ತಿ ಹಾಕಿದಾರಂತೆ," ಎಂದರು ಸಾಹೇಬರು. "ನೀನೂ ಅಲ್ಲೇ ಇರ್ತೀಯಲ್ಲ, ನೋಡಿದೀಯಾ?"

ದಿನಾ ನೋಡಿದ್ದೆ. ಆ ಡಬ್ಬ ತೊಳೆಯುತ್ತಿದ್ದವಳೇ ನಾನು. ಹೆಡ್ಮಿಸ್ಸು ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ನನ್ನಿಂದ ಏನೋ ಬೇಕಾಗಿತ್ತು. ಮುಚ್ಚಿಡುವುದೇಕೆ, ನನಗೆ ಖುಷಿಯಾಯಿತು.

"ಇಲ್ಲ ಸಾರ್, ನೋಡಿಲ್ಲ."

"ಥೂ, ನಿನ್ನ!" ಎಂದಳು ಹೆಡ್ಮಿಸ್ಸು.

"ವಯಸ್ಸಾಯ್ತು ನಿಮಗೆ, ಏನೇನೋ ಅನ್ಸುತ್ತೆ," ಎಂದು ಸಾಹೇಬರು ಬಾಗಿಲು ತೋರಿಸಿದರು.

ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಕೊನೆಯ ದಿನ ಗೇಟಿನ ಹತ್ತಿರ ಎದುರಾದಳು. ಜಾಡಿಸಲಿ ಎಂದು ಕಾದೆ. "ರೋಗದ ಟ್ರೇ ಒರೆಸೋ ಬಟ್ಟೇನ ಬೇರೆ ಇಡು, ಕಲಸಿಬಿಟ್ಟೀಯ" ಎಂದಷ್ಟೇ ಹೇಳಿ ರಸ್ತೆ ದಾಟಿದಳು. ಬೈದಿದ್ದರೆ ಚೆನ್ನಾಗಿತ್ತು.

ಟ್ರೇಗಳು ನನ್ನ ಪಾಲಿಗೆ ಬಂದವು. ಪ್ರಯೋಗವನ್ನು ಇನ್ನೊಂದು ಸಲ ಮಾಡಿ ತೋರಿಸಬೇಕಿತ್ತು. ಮೊದಲ ದಿನವೇ ಸಾಹೇಬರು ಒಳಗೆ ಬಂದು, ಬಾಗಿಲು ಮುಚ್ಚಿ, ದನಿ ತಗ್ಗಿಸಿದರು.

"ಏನೂ ಬದಲಾಯಿಸ್ಬೇಡಮ್ಮ. ಅವರು ಮಂಕಾದವನ್ನ ಹೇಗೆ ಎತ್ತಿ ಹಾಕ್ತಿದ್ರೋ, ನೀನೂ ಹಾಗೇ ಮಾಡು."

ಅಂದರೆ ಅವಳು ಹೇಳಿದ್ದನ್ನು ಅಂದೇ ನಂಬಿದ್ದರು. ನನ್ನದು ಸುಳ್ಳೆಂದೂ ಗೊತ್ತಿತ್ತು. ಆ ಮನುಷ್ಯನನ್ನು ಕಂಡು ನನಗೆ ಹೇಸಿಗೆಯಾಯಿತು; ನನ್ನ ಬಗ್ಗೆ ಇನ್ನೂ ಹೆಚ್ಚು.

"ಆಯ್ತು ಸಾರ್," ಎಂದೆ.